ಜೋಳದ ರೊಟ್ಟಿಯೂ ಜೀವಕೋಶದ ಒಲೆಯೂ

‘ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ’ ಎಂಬ ಗಾದೆಯನ್ನು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆನಿಂತ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೂರು ತಲೆಮಾರು ಕಳೆದರೂ ಕಾಚಿಗುಡದ ಹಳೆಯ ಮನೆಗಳಲ್ಲಿ ಸಂಜೆ ರೊಟ್ಟಿ ಬಡಿಯುವ ಸದ್ದು ಪೂರ್ತಿಯಾಗಿ ಅಡಗಿಲ್ಲ. ಊರಿನಲ್ಲಿ ಪುಂಡಿ ಪಲ್ಯವೆಂದು ಕರೆಯುತ್ತಿದ್ದುದು ಇಲ್ಲಿ ಗೋಂಗೂರವಾಗಿದೆ. ರೊಟ್ಟಿ ಮಾತ್ರ ರೊಟ್ಟಿಯಾಗಿಯೇ ಉಳಿದಿದೆ. ಆ ರೊಟ್ಟಿಯಿಂದ ತೋಳಿಗೆ ಬಲ ಬರುತ್ತದೆ ಎಂಬ ನಂಬಿಕೆಯೂ ಹಾಗೆಯೇ ಉಳಿದಿದೆ.

ಆದರೆ ಇದೇ ನಗರದ ಆಸ್ಪತ್ರೆಗಳಲ್ಲಿ 1950 ಮತ್ತು 1960ರ ದಶಕಗಳಲ್ಲಿ ವೈದ್ಯರು ಕಂಡ ದೃಶ್ಯ ಗಾದೆಗೆ ತೀರ ವಿರುದ್ಧವಾಗಿತ್ತು. ಹೊಲದಲ್ಲಿ ದುಡಿಯುವ ಬಡವರು, ಮೂರು ಹೊತ್ತೂ ಜೋಳವನ್ನೇ ಉಂಡವರು, ಬಿಸಿಲು ತಾಕಿದ ಕೈಕಾಲುಗಳ ಮೇಲೆ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿದು ಬರುತ್ತಿದ್ದರು. ಕೊರಳಿನ ಸುತ್ತ ಹಾರ ಹಾಕಿದಂತೆ ಒಂದು ಕರಿಪಟ್ಟಿ, ನಿಲ್ಲದ ಭೇದಿ, ಕೆಲವರಲ್ಲಿ ನಿದ್ರಾಹೀನತೆ, ಖಿನ್ನತೆ, ಕೊನೆಗೆ ಬುದ್ಧಿಭ್ರಮಣೆ. ಈ ವ್ಯಾಧಿಯ ಹೆಸರು ಪೆಲಾಗ್ರ. ಹೊಟ್ಟೆ ತುಂಬ ಉಂಡ ಮನುಷ್ಯ ಶಕ್ತಿಹೀನನಾಗಿ ಸಾಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹೊಟ್ಟೆಯಲ್ಲಿರಲಿಲ್ಲ, ಜೀವಕೋಶದೊಳಗಿತ್ತು. ‘ಶಕ್ತಿ’ ಎಂಬ ಶಬ್ದವನ್ನು ಸೀಸೆ, ಡಬ್ಬಿ, ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿ ಮಾರುವ ಈ ಕಾಲದಲ್ಲಿ ಆ ಉತ್ತರವನ್ನು ಮತ್ತೊಮ್ಮೆ ತಿಳಿದುಕೊಳ್ಳುವುದು ಅಗತ್ಯವಾಗಿದೆ.

ಅನ್ನ ಜಠರಾಗ್ನಿಯಲ್ಲಿ ಬೇಯುತ್ತದೆ ಎಂಬುದು ಹಿರಿಯರ ಮಾತು. ಹೋಲಿಕೆ ಸುಂದರವಾದದ್ದು, ಆದರೆ ಬೆಂಕಿ ಜಠರದಲ್ಲಿಲ್ಲ. ಜಠರ ಮತ್ತು ಕರುಳು ಮಾಡುವುದು ಸೌದೆ ಸೀಳುವ ಕೆಲಸ ಮಾತ್ರ: ಪಿಷ್ಟವನ್ನು ಗ್ಲೂಕೋಸಾಗಿ, ಸಸಾರಜನಕವನ್ನು ಅಮೈನೋ ಆಮ್ಲಗಳಾಗಿ, ಕೊಬ್ಬನ್ನು ಮೇದಾಮ್ಲಗಳಾಗಿ ಸೀಳಿ ರಕ್ತಕ್ಕೆ ಒಪ್ಪಿಸುವುದು. ನಿಜವಾದ ದಹನ ನಡೆಯುವುದು ಕಣ್ಣಿಗೆ ಕಾಣದ ಕೋಟ್ಯಂತರ ಒಲೆಗಳಲ್ಲಿ. ಎರಡು ಸಾವಿರ ಕ್ಯಾಲೊರಿ ಉಂಡು ಅಷ್ಟನ್ನೇ ಖರ್ಚು ಮಾಡುವ ಮನುಷ್ಯ ಹಗಲಿರುಳೂ ಉರಿಯುವ ನೂರು ವಾಟಿನ ದೀಪವೊಂದಕ್ಕೆ ಸಮ. ದೀಪವಾದರೆ ಕೈ ಸುಡುತ್ತದೆ, ಮನುಷ್ಯ ಸುಡುವುದಿಲ್ಲ. ಸಕ್ಕರೆಯನ್ನು ಒಲೆಗೆ ಹಾಕಿದರೆ ಭಗ್ಗೆಂದು ಉರಿದು ಎಲ್ಲ ಶಕ್ತಿಯೂ ಶಾಖವಾಗಿ ಹೋಗುತ್ತದೆ. ಕೋಶ ಅದೇ ಸಕ್ಕರೆಯನ್ನು ಹತ್ತಾರು ಹೆಜ್ಜೆಗಳಲ್ಲಿ, ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವವನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಬಿಚ್ಚುತ್ತದೆ. ಮಾಳಿಗೆಯಿಂದ ಜಿಗಿಯುವವನಿಗೂ ಮೆಟ್ಟಿಲಿಳಿದು ಬರುವವನಿಗೂ ಇರುವ ವ್ಯತ್ಯಾಸವೇ ಇದು. ಇಳಿಯುವ ಎತ್ತರ ಒಂದೇ, ಮೈಗೆ ಆಗುವ ಪೆಟ್ಟು ಬೇರೆ.

ಮೊದಲ ಕೆಲವು ಮೆಟ್ಟಿಲುಗಳಿಗೆ ಆಮ್ಲಜನಕ ಬೇಕಿಲ್ಲ. ಗ್ಲೂಕೋಸ್ ಎರಡಾಗಿ ಮುರಿದು ಪೈರುವಿಕ್ ಆಮ್ಲವಾಗುತ್ತದೆ. ಬಸ್ಸಿನ ಹಿಂದೆ ಓಡುವವನ ತೊಡೆಯ ಸ್ನಾಯು ಕೆಲವು ಕ್ಷಣ ಇಷ್ಟರಲ್ಲೇ ಕೆಲಸ ಸಾಗಿಸುತ್ತದೆ. ಆದರೆ ಇಲ್ಲಿ ದೊರೆಯುವ ಲಾಭ ಅತ್ಯಲ್ಪ. ಮುಂದಿನ ಕೆಲಸ ಮೈಟೊಕಾಂಡ್ರಿಯವೆಂಬ ಸೂಕ್ಷ್ಮ ಕೋಣೆಗಳೊಳಗೆ. ಅಲ್ಲಿ, 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ, ಅನ್ನದ ಇಂಗಾಲವೆಲ್ಲ ಇಂಗಾಲಾಮ್ಲವಾಗಿ ಉಸಿರಿನೊಡನೆ ಹೊರಬೀಳುತ್ತದೆ. (ಮೈಯ ಕೊಬ್ಬು ‘ಬೆವರಾಗಿ ಕರಗುತ್ತದೆ’ ಎಂದು ನಂಬಿ ಹಬೆಕೋಣೆಗಳಲ್ಲಿ ಕುಳಿತು ಹಣ ತೆರುವವರು ತಿಳಿಯಬೇಕಾದ ಸಂಗತಿಯೊಂದಿದೆ: ಹತ್ತು ಕಿಲೊ ಕೊಬ್ಬು ಕರಗಿದರೆ ಅದರಲ್ಲಿ ಸುಮಾರು 8.4 ಕಿಲೊ ಹೊರಹೋಗುವುದು ಇಂಗಾಲಾಮ್ಲವಾಗಿ, ಮೂಗಿನ ಮೂಲಕ!) ಅನ್ನದ ಜಲಜನಕ ಮಾತ್ರ ಎಲೆಕ್ಟ್ರಾನುಗಳ ಸಮೇತ ಬೇರೊಂದೆಡೆಗೆ ಸಾಗಬೇಕು. ಶಕ್ತಿಯ ಬಹುಭಾಗ ಇರುವುದು ಅದರಲ್ಲಿಯೇ.

ಆ ಸಾಗಾಟ ಮಾಡುವವರಾರು? ಕಾಚಿಗುಡ ರೈಲು ನಿಲ್ದಾಣದ ಹಮಾಲರನ್ನು ನೆನಪಿಸಿಕೊಳ್ಳಬಹುದು. ಬರುವ ಪ್ರಯಾಣಿಕರು ಸಾವಿರಾರು, ಹಮಾಲರು ಬೆರಳೆಣಿಕೆಯಷ್ಟು. ಆದರೂ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಹೊರೆ ಇಳಿಸಿದ ಹಮಾಲ ಬರಿಗೈಯಲ್ಲಿ ಹಿಂದಿರುಗಿ ಮತ್ತೊಂದು ಹೊರೆ ಎತ್ತುತ್ತಾನೆ. ಕೋಶದೊಳಗೆ ಜಲಜನಕದ ಹೊರೆ ಎತ್ತುವ ಮುಖ್ಯ ಹಮಾಲನ ಹೆಸರು ಎನ್‌ಎಡಿ. ಇದರ ಸುಳಿವನ್ನು 1906ರಲ್ಲಿ ಹಾರ್ಡನ್ ಮತ್ತು ಯಂಗ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಯೀಸ್ಟಿನ ರಸದಲ್ಲಿ ಕಂಡರು. ಎನ್‌ಎಡಿಯನ್ನು ಕಟ್ಟಲು ಬೇಕಾದ ಒಂದು ತುಣುಕೇ ನಿಯಾಸಿನ್, ಅಂದರೆ ‘ಬಿ’ ಗುಂಪಿನ ಒಂದು ಜೀವಸತ್ವ. ಪ್ರಾಪ್ತವಯಸ್ಕನಿಗೆ ದಿನಕ್ಕೆ ಬೇಕಾಗುವುದು ಸುಮಾರು 15 ಮಿಲಿಗ್ರಾಂ, ಒಂದು ಚಿಟಿಕೆಗಿಂತಲೂ ಕಡಿಮೆ. ದಿನವೊಂದಕ್ಕೆ ನಾಲ್ಕೈದು ನೂರು ಗ್ರಾಂ ಧಾನ್ಯ ಉಣ್ಣುವವನಿಗೆ ಇಷ್ಟು ಅಲ್ಪ ವಸ್ತು ಸಾಕಾಗುವುದು ಏಕೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಜೀವಸತ್ವ ಸೌದೆಯಲ್ಲ, ಸೌದೆ ಹೊರುವವನು. ಹಮಾಲರ ಸಂಖ್ಯೆ ತೀರ ಕುಸಿದಾಗ ಮಾತ್ರ ಸರಕು ಕಟ್ಟೆಯ ಮೇಲೆಯೇ ಬಿದ್ದು ಕೊಳೆಯುತ್ತದೆ. ಪೆಲಾಗ್ರ ಎಂದರೆ ಇದೇ. ನಿರಂತರವಾಗಿ ನವೀಕರಣಗೊಳ್ಳುತ್ತಿರುವ ಚರ್ಮ ಮತ್ತು ಕರುಳಿನ ಒಳಪದರ, ಹೆಚ್ಚು ಶಕ್ತಿ ಬೇಡುವ ಮಿದುಳು, ಇವೇ ಮೊದಲು ಸೋಲುತ್ತವೆ. ಬಿಸಿಲಿನಿಂದ ಹಾನಿಗೊಂಡ ಚರ್ಮಕೋಶಗಳ ದುರಸ್ತಿಗೂ ಎನ್‌ಎಡಿಯೇ ಬೇಕಾದುದರಿಂದ ಬಿಸಿಲು ತಾಕಿದ ಜಾಗದಲ್ಲಿಯೇ ಮೈ ಸುಲಿಯುತ್ತದೆ.

ಈ ರೋಗವನ್ನು ಸ್ಪೇನಿನ ಗಾಸ್ಪಾರ್ ಕಸಾಲ್ ಎಂಬ ವೈದ್ಯ 1735ರಷ್ಟು ಹಿಂದೆಯೇ ಗುರುತಿಸಿದ್ದ. ಕೊರಳಿನ ಕರಿಪಟ್ಟಿಗೆ ಇಂದಿಗೂ ಅವನದೇ ಹೆಸರು. ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಲ್ಲಿ ಕಾಣುತ್ತಿದ್ದುದರಿಂದ ಬೂಷ್ಟು ಹಿಡಿದ ಧಾನ್ಯದ ವಿಷವೆಂದೂ ಅಂಟುರೋಗವೆಂದೂ ಬಹುಕಾಲ ವಾದ ನಡೆಯಿತು. ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ 1916ರಲ್ಲಿ ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡು ಇದು ಅಂಟುರೋಗವಲ್ಲವೆಂದು ತೋರಿಸಿಕೊಟ್ಟ. ಆಹಾರವೇ ಕಾರಣವೆಂದು ಒಪ್ಪಿದರೆ ಬಡತನವನ್ನೂ ಒಪ್ಪಬೇಕಾಗುತ್ತಿತ್ತು. ಆದುದರಿಂದ ದಕ್ಷಿಣದ ರಾಜ್ಯಗಳ ಪ್ರಮುಖರಿಗೆ ಅವನ ಮಾತು ರುಚಿಸಲಿಲ್ಲ. 1937ರಲ್ಲಿ ಎಲ್ವೆಜೆಮ್ ನಿಕೊಟಿನಿಕ್ ಆಮ್ಲವೇ ಕೊರತೆಯಾದ ವಸ್ತುವೆಂದು ಸಾಧಿಸಿದ ಬಳಿಕ ಚಿಕಿತ್ಸೆ ಸುಲಭವಾಯಿತು. ಮೆಕ್ಕೆಜೋಳದಲ್ಲಿ ನಿಯಾಸಿನ್ ಇದೆ, ಆದರೆ ಬಿಗಿದು ಕಟ್ಟಿದಂತಿದೆ, ಕರುಳಿಗೆ ಬಿಚ್ಚಲಾಗದು. ಮೆಕ್ಸಿಕೊದ ಹೆಂಗಸರು ಸಾವಿರಾರು ವರ್ಷಗಳಿಂದ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಗಂಟನ್ನು ಬಿಚ್ಚುತ್ತಿದ್ದರು. ಧಾನ್ಯವನ್ನು ಮಾತ್ರ ಕೊಂಡೊಯ್ದು ಅಡುಗೆಯ ಕ್ರಮವನ್ನು ಬಿಟ್ಟುಹೋದ ಯೂರೋಪಿನವರು ಅದರ ಬೆಲೆ ತೆತ್ತರು.

ಆದರೆ ದಖ್ಖಣದ ಬಿಳಿಜೋಳದ ಸಮಸ್ಯೆ ಬೇರೆಯಾಗಿತ್ತು. ಇದನ್ನು ಬಿಡಿಸಲು ಹೊರಟದ್ದು ಹೈದರಾಬಾದಿನದೇ ಸಂಸ್ಥೆ. ತಾರ್ನಾಕದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿರುವ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬಾತನ ಕೈಯಲ್ಲಿ ಬೆರಿಬೆರಿ ವಿಚಾರಣಾ ಘಟಕವೆಂಬ ಹೆಸರಿನಿಂದ ಹುಟ್ಟಿ, 1958ರಲ್ಲಿ ಇಲ್ಲಿಗೆ ಬಂದು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬೆರಿಬೆರಿಯೂ ಇದೇ ಒಲೆಯ ಕಾಯಿಲೆ ಎಂಬುದು ಗಮನಾರ್ಹ: ಪೈರುವಿಕ್ ಆಮ್ಲ ಕ್ರೆಬ್ಸನ ಚಕ್ರಕ್ಕೆ ಪ್ರವೇಶಿಸುವ ಬಾಗಿಲಲ್ಲಿ ಬಿ-1 ಜೀವಸತ್ವ ನಿಂತಿರಬೇಕು, ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ಅದೂ ಹೋಗುತ್ತದೆ. ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದರು. ಜೋಳದಲ್ಲಿ ನಿಯಾಸಿನ್ ಮೆಕ್ಕೆಜೋಳದಂತೆ ಬಿಗಿದಿಲ್ಲ. ಅದನ್ನು ಮೈಯೊಳಗೆ ತಯಾರಿಸಿಕೊಳ್ಳಲು ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವೂ ತೀರ ಕಡಿಮೆಯಿಲ್ಲ. ಹೆಚ್ಚಾಗಿರುವುದು ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಆ ಅತಿಯಾದ ಲ್ಯೂಸಿನ್ ಟ್ರಿಪ್ಟೊಫಾನಿನಿಂದ ನಿಯಾಸಿನ್ ಆಗುವ ದಾರಿಗೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಮುಂದೆ ಬೇರೆ ಬೇರೆ ದೇಶಗಳ ಪ್ರಯೋಗಶಾಲೆಗಳಲ್ಲಿ ಇದಕ್ಕೆ ಪರವೂ ವಿರೋಧವೂ ಆದ ಫಲಿತಾಂಶಗಳು ಬಂದವು; ಬಿ-6 ಜೀವಸತ್ವದ ಪಾತ್ರವೂ ಚರ್ಚೆಗೆ ಬಂತು. ವಾದ ಏನೇ ಇರಲಿ, ಒಂದು ಅಂಶ ನಿರ್ವಿವಾದ: ಪೆಲಾಗ್ರ ಬಂದದ್ದು ಜೋಳ ತಿಂದವರಿಗೆಲ್ಲ ಅಲ್ಲ, ಜೋಳವನ್ನು ಬಿಟ್ಟು ಮತ್ತೇನನ್ನೂ ತಿನ್ನಲಾಗದವರಿಗೆ.

ಉತ್ತರ ಕರ್ನಾಟಕದ ಗೃಹಿಣಿ ರೊಟ್ಟಿಯ ಪಕ್ಕದಲ್ಲಿ ಬಡಿಸುವ ಒಂದು ಮುಷ್ಟಿ ಶೇಂಗಾ ಹಿಂಡಿಯ ಮಹತ್ವ ಇಲ್ಲಿ ಅರ್ಥವಾಗುತ್ತದೆ. ಸಸ್ಯಾಹಾರದಲ್ಲಿ ನಿಯಾಸಿನ್ ಸಮೃದ್ಧವಾಗಿರುವ ಪದಾರ್ಥಗಳಲ್ಲಿ ಶೇಂಗಾ ಮುಖ್ಯವಾದದ್ದು. ನೂರು ಗ್ರಾಮಿನಲ್ಲಿ ಹತ್ತು ಮಿಲಿಗ್ರಾಮಿಗೂ ಮೀರಿ ಇದೆ. ತೊಗರಿಬೇಳೆಯೂ ಮೊಸರೂ ಟ್ರಿಪ್ಟೊಫಾನನ್ನು ಒದಗಿಸುತ್ತವೆ. ಆ ತಾಯಂದಿರಿಗೆ ಎನ್‌ಎಡಿಯ ಹೆಸರು ಗೊತ್ತಿರಲಿಲ್ಲ. ಎಲೆಯ ತುದಿಯಲ್ಲಿ ಏನಿರಬೇಕೆಂಬುದು ಗೊತ್ತಿತ್ತು. ಕೂಲಿಯವನ ಬುತ್ತಿಯಲ್ಲಿ ಅದೊಂದೇ ಇರುತ್ತಿರಲಿಲ್ಲ. ರೊಟ್ಟಿ, ಉಳ್ಳಾಗಡ್ಡಿ, ಖಾರ: ಬರಗಾಲದಲ್ಲಿ ಅವನ ಪಾಲಿಗೆ ಉಳಿದದ್ದು ಇಷ್ಟು. ಸಿರಿಧಾನ್ಯಗಳ ಹೊಗಳಿಕೆಯಲ್ಲಿ ಈ ಅಧ್ಯಾಯ ಕಾಣಿಸುವುದೇ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಜೋಳದ ಬಿಸ್ಕತ್ತಿಗೂ ಔಷಧದ ಗೌರವ ಬಂದಿದೆ. ಬೀದರಿನಿಂದ ಬಸ್ಸಿನಲ್ಲಿ ಬರುವವರು ನಗರ ಹೊಗುವ ಮೊದಲು ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಜೋಳದ ಹೊಲಗಳ ಸಮೀಪದಲ್ಲಿಯೇ ಹಾದುಬರುತ್ತಾರೆ. ಆ ಬೆಳೆಯನ್ನು ಪ್ರೀತಿಸಬೇಕಾದದ್ದು ನ್ಯಾಯವೇ. ಪ್ರೀತಿಸುವಾಗ ಅದರ ಪಕ್ಕದ ಹಿಂಡಿಯನ್ನೂ ಬೇಳೆಯನ್ನೂ ಮರೆಯಬಾರದು.

ಹಮಾಲ ಹೊರೆಯನ್ನು ಎಲ್ಲಿ ಇಳಿಸುತ್ತಾನೆ ಎಂಬುದು ಇನ್ನೂ ಹೇಳಬೇಕಾಗಿದೆ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳು ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಹಾಗೆ ದಾಟಿಸುವಾಗ ದೊರೆತ ಬಲದಿಂದ ಪ್ರೋಟಾನುಗಳನ್ನು ಪೊರೆಯ ಆಚೆಗೆ ನೂಕುತ್ತವೆ. ಎತ್ತರದ ಜಲಾಶಯದಲ್ಲಿ ನಿಂತ ನೀರು ಕೊಳವೆಯಲ್ಲಿ ಇಳಿದು ಶರಾವತಿಯ ಯಂತ್ರಚಕ್ರಗಳನ್ನು ತಿರುಗಿಸುವಂತೆ, ಆಚೆ ಒಟ್ಟಾದ ಪ್ರೋಟಾನುಗಳು ಹಿಂದಿರುಗುವಾಗ ಒಂದು ಅತಿಸೂಕ್ಷ್ಮ ಚಕ್ರವನ್ನು ತಿರುಗಿಸುತ್ತವೆ. ಇದು ಅಲಂಕಾರವಲ್ಲ, ಆ ಕಿಣ್ವ ನಿಜವಾಗಿಯೂ ಸೆಕೆಂಡಿಗೆ ನೂರಾರು ಸುತ್ತು ತಿರುಗಬಲ್ಲದು. ಪೀಟರ್ ಮಿಚೆಲ್ 1961ರಲ್ಲಿ ಈ ವಿಚಾರ ಮಂಡಿಸಿದಾಗ ನಂಬಿದವರು ವಿರಳ. 1978ರಲ್ಲಿ ಅದಕ್ಕೇ ನೊಬೆಲ್ ಪಾರಿತೋಷಕ ಬಂತು. ಚಕ್ರ ತಿರುಗಿದಂತೆ ತಯಾರಾಗುವ ವಸ್ತು ಎಟಿಪಿ. ಸ್ನಾಯು ಸಂಕುಚಿಸಲು, ನರ ಸಂದೇಶ ಒಯ್ಯಲು, ಮೈ ಬೆಳೆಯಲು ಕೋಶ ಒಪ್ಪಿಕೊಳ್ಳುವ ನಾಣ್ಯ ಅದು. ದೇಹದಲ್ಲಿ ಯಾವ ಗಳಿಗೆಯಲ್ಲಿಯೂ ಇರುವ ಎಟಿಪಿ ನೂರು ಗ್ರಾಮಿನ ಆಸುಪಾಸು. ಆದರೆ ದಿನವೊಂದರಲ್ಲಿ ಮುರಿದು ಮರಳಿ ಕಟ್ಟುವ ಎಟಿಪಿ ಹೆಚ್ಚು ಕಡಿಮೆ ಮನುಷ್ಯನ ತೂಕದಷ್ಟು. ಕೂಡಿಡಲಾಗದ ನಾಣ್ಯವಿದು, ದುಡಿದಂತೆ ಟಂಕಿಸಬೇಕು.

ಈ ನಾಣ್ಯವನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ಭೀಮವರಂನ ಎಲ್ಲಾಪ್ರಗಡ ಸುಬ್ಬಾರಾವ್ ಎಂಬುದು ತೆಲುಗರ ನಡುವೆ ಬಾಳುವ ಕನ್ನಡಿಗರಿಗೂ ಅಭಿಮಾನದ ವಿಷಯ. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ಉಟ್ಟದ್ದಕ್ಕೆ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ ಪೂರ್ಣ ಪದವಿಗೆ ಬದಲು ಕೆಳದರ್ಜೆಯ ಪದವಿ ಪಡೆದ ಅವರು, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯೊಡನೆ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ರೂಪಿಸಿದರು. ಜೀವರಸಾಯನ ಓದಿದವರೆಲ್ಲ ಆ ವಿಧಾನದ ಹೆಸರು ಕೇಳಿರುತ್ತಾರೆ. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ ಸ್ವತಂತ್ರವಾಗಿ ಎಟಿಪಿಯನ್ನು ಕಂಡನೆಂಬುದೂ ನಿಜ. 1948ರಲ್ಲಿ ತೀರಿಕೊಂಡ ಸುಬ್ಬಾರಾವ್ ಅವರ ಭಾವಚಿತ್ರವಿರುವ ಅಂಚೆಚೀಟಿ ಬಂದದ್ದು 1995ರಲ್ಲಿ! ಚಲನಚಿತ್ರ ನಟರ ಜನ್ಮದಿನಗಳನ್ನು ತಪ್ಪದೆ ಆಚರಿಸುವ ನಗರದಲ್ಲಿ ಜನವರಿ 12 ಅವರ ಜನ್ಮದಿನವೆಂಬುದು ಎಷ್ಟು ಜನರಿಗೆ ನೆನಪಿದೆ?

ಸಾಲಿನ ಕೊನೆಯಲ್ಲಿ ಎಲೆಕ್ಟ್ರಾನುಗಳಿಗಾಗಿ ಕಾದಿರುವುದೇ ಆಮ್ಲಜನಕ. ಉಸಿರಾಟದ ಉದ್ದೇಶವೆಲ್ಲ ಇಷ್ಟೇ. ಇದನ್ನು ರೈತನ ಹಟ್ಟಿಗಿಂತ ಚೆನ್ನಾಗಿ ಯಾವ ಪ್ರಯೋಗಶಾಲೆಯೂ ತೋರಿಸಲಾರದು. ಜೋಳ ಕೊಯ್ದ ಮೇಲೆ ಬುಡದಿಂದ ಒಡೆಯುವ ಕೂಳೆಯ ಎಳೆಚಿಗುರನ್ನು ದನ ಮೇಯ್ದು ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಡುತ್ತ ಉರುಳಿ ಸತ್ತದ್ದನ್ನು ಊರಿನ ಹಿರಿಯರು ಕಂಡಿರುತ್ತಾರೆ. ಎಳೆಯ ಜೋಳದಲ್ಲಿರುವ ಒಂದು ವಸ್ತುವಿನಿಂದ ಹೊಟ್ಟೆಯಲ್ಲಿ ಸಯನೈಡ್ ಹುಟ್ಟಿ, ಸಾಲಿನ ಕೊನೆಯ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಆ ದನದ ರಕ್ತ ಕಪ್ಪಾಗಿರುವುದಿಲ್ಲ, ಕೆಂಪಗೆ ಹೊಳೆಯುತ್ತಿರುತ್ತದೆ. ರಕ್ತದ ತುಂಬ ಆಮ್ಲಜನಕವಿದೆ, ಹೊಟ್ಟೆಯ ತುಂಬ ಮೇವಿದೆ, ಕೋಶ ಎರಡನ್ನೂ ಬಳಸಲಾರದು.

ಇಷ್ಟು ತಿಳಿದವರು ಅಂಗಡಿಯ ‘ಶಕ್ತಿ’ಯನ್ನು ಹೊಸ ಕಣ್ಣಿನಿಂದ ನೋಡಬೇಕು. ಶಾಲೆಯಿಂದ ಬಂದ ಮಗು ಸೊರಗಿ ಕಂಡರೆ ಗ್ಲೂಕೋಸ್ ಪುಡಿ. ಕಚೇರಿಯಿಂದ ಬಂದ ಯಜಮಾನರಿಗೆ ಆಯಾಸವಾದರೆ ಬಿ ಜೀವಸತ್ವದ ಮಾತ್ರೆ. ಹೈಟೆಕ್ ಸಿಟಿಯ ರಾತ್ರಿಪಾಳಿಯ ತರುಣರಿಗೆ ಡಬ್ಬಿಯಲ್ಲಿ ಕಾಫಿನ್ನೂ ಸಕ್ಕರೆಯೂ ಬೆರೆಸಿದ ಪಾನೀಯ. ಗ್ಲೂಕೋಸ್ ಸೌದೆ ಎಂಬುದು ನಿಜ. ಆದರೆ ಈಗಾಗಲೇ ಸೌದೆ ತುಂಬಿದ ಅಡುಗೆಮನೆಗೆ ಇನ್ನೊಂದು ಹೊರೆ ತಂದು ಸುರಿದರೆ ಒಲೆ ಹೆಚ್ಚು ಉರಿಯುವುದಿಲ್ಲ. ನಡೆಯಲು ದಾರಿ ಇಲ್ಲದಂತಾಗುತ್ತದೆ. ಕೋಶ ಎಟಿಪಿಯನ್ನು ತಯಾರಿಸುವುದು ಅದು ಖರ್ಚಾದಾಗ ಮಾತ್ರ. ಖರ್ಚಾಗದೆ ಉಳಿದ ಸಕ್ಕರೆ ಕೊಬ್ಬಾಗಿ ಸೇರುತ್ತದೆ, ಮುಂದೊಂದು ದಿನ ಇನ್ಸುಲಿನ್ನಿನ ಮಾತು ಕೇಳದ ಕೋಶದ ಬಾಗಿಲ ಹೊರಗೆ ರಕ್ತದಲ್ಲೇ ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ಮಧುಮೇಹಿಯ ಆಯಾಸ ವಿಚಿತ್ರವಾದುದು. ಸಮೃದ್ಧಿಯ ನಡುವಿನ ಹಸಿವು ಅದು, ಜೋಳದ ಕೂಲಿಯವನ ಹಸಿವಿನ ದೂರದ ಬಂಧು.

ಮಾತ್ರೆಯ ವಿಷಯವೂ ಹಾಗೆಯೇ. ಹಮಾಲರೇ ಇಲ್ಲದ ನಿಲ್ದಾಣಕ್ಕೆ ನಾಲ್ವರನ್ನು ಕಳಿಸಿದರೆ ಪವಾಡ ನಡೆಯುತ್ತದೆ. ಪೆಲಾಗ್ರದ ರೋಗಿ ನಿಯಾಸಿನ್ ಪಡೆದು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುವುದನ್ನು ವೈದ್ಯರು ಕಂಡಿದ್ದಾರೆ. ಸಾಕಷ್ಟು ಹಮಾಲರಿರುವಲ್ಲಿ ಇನ್ನೂ ನಾಲ್ವರು ಬಂದರೆ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಾರೆ. ಹೆಚ್ಚಿನ ಬಿ ಜೀವಸತ್ವದ ಬಹುಭಾಗ ಮೂತ್ರದಲ್ಲಿ ಹರಿದುಹೋಗುತ್ತದೆ. ನಿಯಾಸಿನ್ನನ್ನು ಭಾರೀ ಪ್ರಮಾಣದಲ್ಲಿ ನುಂಗಿದರೆ ಯಕೃತ್ತಿಗೆ ಅಪಾಯವೂ ಉಂಟು. ಬಿ-12ರಂಥ ಜೀವಸತ್ವದ ಕೊರತೆ ಸಸ್ಯಾಹಾರಿಗಳಲ್ಲಿ ನಿಜವಾಗಿಯೂ ಇರಬಹುದು. ಅದನ್ನು ರಕ್ತಪರೀಕ್ಷೆ ಹೇಳಬೇಕೇ ಹೊರತು ಜಾಹೀರಾತು ಅಲ್ಲ. ಒಲೆಗಳ ಸಂಖ್ಯೆಯನ್ನೇ ಹೆಚ್ಚಿಸುವ ಉಪಾಯವೊಂದಿದೆ, ಅದನ್ನು ಮಾರುವವರಿಲ್ಲ. ಜಾನ್ ಹೊಲೋಜಿ ಎಂಬ ಅಮೆರಿಕದ ವಿಜ್ಞಾನಿ 1967ರಲ್ಲಿ, ವಾರಗಟ್ಟಲೆ ಓಡಿಸಿದ ಇಲಿಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಇಮ್ಮಡಿಯಾದುದನ್ನು ತೋರಿಸಿದ. ಮನುಷ್ಯರಲ್ಲಿಯೂ ಇದು ಸಾಬೀತಾಗಿದೆ. ದಿನವೂ ಬಿರುಸಾಗಿ ನಡೆಯುವವನಿಗೆ ಆಯಾಸ ಕಡಿಮೆ ಎಂಬ ಅಜ್ಜಂದಿರ ಮಾತಿಗೆ ಇದಕ್ಕಿಂತ ದೃಢವಾದ ಆಧಾರ ಬೇಕಿಲ್ಲ.

ಈಗ ಕನ್ನಡ ಸಂಘಗಳ ಆರೋಗ್ಯ ಶಿಬಿರಗಳ ಮಾತು. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಸದಸ್ಯರ ರಕ್ತದೊತ್ತಡ ನೋಡಿ, ಸಕ್ಕರೆ ನೋಡಿ, ಯಾರೋ ದಾನ ಕೊಟ್ಟ ಟಾನಿಕ್ಕಿನ ಸೀಸೆಗಳನ್ನು ಹಂಚಿ, ಕೊನೆಯಲ್ಲಿ ಜಿಲೇಬಿಯ ಊಟ ಬಡಿಸಲಾಗುತ್ತದೆ. ಸೀಸೆ ಪಡೆದವರಲ್ಲಿ ಬಹುಮಂದಿಗೆ ಅದರ ಅಗತ್ಯವಿಲ್ಲ. ಅಗತ್ಯವಿರಬಹುದಾದ ಕನ್ನಡಿಗರು ಆ ಸಭಾಂಗಣಕ್ಕೆ ಬರುವುದೇ ಇಲ್ಲ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದು ನಗರದ ಪಶ್ಚಿಮದ ಅಂಚಿನಲ್ಲಿ ತಗಡಿನ ಗುಡಿಸಲುಗಳಲ್ಲಿರುವವರು ಅವರು. ಆಂಧ್ರದಲ್ಲಿ 1983ರಲ್ಲಿ ಎರಡು ರೂಪಾಯಿಯ ಅಕ್ಕಿ ಬಂದ ಮೇಲೆ ಬಡವನ ತಟ್ಟೆಯಲ್ಲಿ ಜೋಳ ಹಿಂದೆ ಸರಿಯಿತು. ಊಟದಲ್ಲಿ ಬೇರೆ ಧಾನ್ಯ ಬೆರೆತಂತೆ ಪೆಲಾಗ್ರವೂ ಅಪರೂಪವಾಯಿತು. ಅದು ಸಂತೋಷದ ಸಂಗತಿಯೇ ಸರಿ. ಆದರೆ ಜೋಳ ಒಂದೇ ಇದ್ದ ತಟ್ಟೆಯಲ್ಲಿ ಬಿಳಿಯನ್ನ ಒಂದೇ ಕುಳಿತರೆ ಹೆಸರು ಬದಲಾದೀತೇ ಹೊರತು ಒಲೆಯ ಕಷ್ಟ ತೀರದು. ಹತ್ತನೆಯ ಅಂತಸ್ತಿಗೆ ಇಟ್ಟಿಗೆ ಹೊರುವ ಹೆಂಗಸಿನ ದೇಹ ಕಂಪ್ಯೂಟರಿನ ಮುಂದೆ ಕುಳಿತವನಿಗಿಂತ ಹೆಚ್ಚು ಎಟಿಪಿಯನ್ನು ಟಂಕಿಸಬೇಕು. ಅವಳ ಸಾರಿನಲ್ಲಿ ಬೇಳೆ ಕಾಣುವುದು ವಾರದಲ್ಲಿ ಎಷ್ಟು ದಿನ ಎಂದು ಸಂಘದ ಯಾವ ಕಾರ್ಯದರ್ಶಿಯಾದರೂ ಕೇಳಿದ್ದುಂಟೇ?

ಆ ಪ್ರಶ್ನೆ ಕೇಳಲು ವಿಜ್ಞಾನಿಯಾಗಬೇಕಿಲ್ಲ, ಕನ್ನಡ ಬಂದರೆ ಸಾಕು. ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೆಲುಗು, ಉರ್ದು ಬರುತ್ತದೆ. ಯಾದಗಿರಿಯ ತಾಯಿಗೆ ‘ನಾಲಿಗೆ ಉರಿ, ಹೊಟ್ಟೆ ಝಾಡ’ ಎಂಬುದನ್ನು ತನ್ನ ನುಡಿಯಲ್ಲಿ ಹೇಳಲು ಒಬ್ಬರು ಬೇಕು. ಮುಂದಿನ ರಾಜ್ಯೋತ್ಸವದ ಶಿಬಿರವನ್ನು ಸಂಘಗಳು ಸಭಾಂಗಣದ ಬದಲು ಕಟ್ಟಡದ ಬಯಲಿನಲ್ಲಿ, ಭಾನುವಾರದ ಬೆಳಿಗ್ಗೆ ಏರ್ಪಡಿಸಲಿ. ಟಾನಿಕ್ಕಿಗೆ ಮೀಸಲಾದ ಹಣದಲ್ಲಿ ಮನೆಗೊಂದು ಕಿಲೊ ತೊಗರಿಬೇಳೆ, ಅರ್ಧ ಕಿಲೊ ಶೇಂಗಾ ಕೊಡಲಿ. ಜಿಲೇಬಿಗೆ ಬದಲು ರೊಟ್ಟಿ, ಹಿಂಡಿ, ಸೊಪ್ಪಿನ ಪಲ್ಯ, ಮಜ್ಜಿಗೆಯನ್ನು ಸದಸ್ಯರೂ ಕೂಲಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಅಲ್ಲಿಗೆ ಹೋಗಿಬರಲು ವಾಹನ ಬೇಕೆನ್ನುವವರಿಗೆ ಬಸ್ಸು ನಿಲ್ಲುವಲ್ಲಿಂದ ಬಯಲಿನವರೆಗೆ ನಡೆಯುವ ದಾರಿ ಇದ್ದೇ ಇದೆ.